ಪಾಯದಲ್ಲಿ ಹೂತುಹೋಗುವ ದಾಸೋಹದ ಹಣ

ಹೋದ ವರ್ಷ ಮಧುಗಿರಿ ಸೀಮೆಯ ಒಂದು ಮಠದವರು ನನ್ನನ್ನು ಕರೆಸಿಕೊಂಡರು. ದಿಕ್ಕಿಲ್ಲದ ವೃದ್ಧರಿಗೆ, ಮಕ್ಕಳಿದ್ದೂ ಒಂಟಿಯಾದವರಿಗೆ ಆಸರೆ ಮನೆಗಳನ್ನು ಕಟ್ಟಿಸಬೇಕೆಂಬುದು ಪೂಜ್ಯರ ಸಂಕಲ್ಪ. ದೊಡ್ಡ ಹಾಲ್‌ನಲ್ಲಿ ಸಾಲಾಗಿ ಮಂಚ ಹಾಕುವ ವೃದ್ಧಾಶ್ರಮ ಅದಲ್ಲ. ಒಬ್ಬರಿಗೆ ಅಥವಾ ಗಂಡ ಹೆಂಡತಿಗೆ ಒಂದು ಕೋಣೆ, ಚಹಾ ಕಾಯಿಸಿಕೊಳ್ಳುವಷ್ಟು ಜಾಗ, ಪಕ್ಕದಲ್ಲೇ ಬಚ್ಚಲು, ಊಟಕ್ಕೆ ಮಠದ ದಾಸೋಹ, ರಾತ್ರಿ ಕೂಗಿದರೆ ಬರುವ ಒಬ್ಬರು. ಭಕ್ತರೊಬ್ಬರು ಜಮೀನು ಕೊಟ್ಟಿದ್ದರು, ನಕ್ಷೆ ಸಿದ್ಧವಾಗಿತ್ತು, ಗುದ್ದಲಿ ಪೂಜೆಗೆ ದಿನವನ್ನೂ ನೋಡಿದ್ದರು. ಕಟ್ಟಡದ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನೆಂದು, ಸುಮ್ಮನೆ ಒಮ್ಮೆ ಕಣ್ಣಾಡಿಸಿ ಕೊಡಿ ಎಂದರು.

ಕಣ್ಣಾಡಿಸಿದೆ. ಮೂರು ಅಂತಸ್ತು, ಮೂವತ್ತಾರು ಪಿಲ್ಲರ್, ಪ್ರತಿ ಪಿಲ್ಲರಿನ ಕೆಳಗೂ ಆರಡಿ ಚೌಕದ ಕಾಂಕ್ರೀಟ್ ಪಾದ, ನಾಲ್ಕಡಿ ಎತ್ತರದ ಪ್ಲಿಂತ್, ಮುಂದೆ ಮಹಾದ್ವಾರ. ಅಂದಾಜು ಪಟ್ಟಿಯ ಅರ್ಧದಷ್ಟು ಹಣ ಪಾಯ, ಪಿಲ್ಲರ್, ಬೀಮು, ಮೌಲ್ಡುಗಳಿಗೇ ಹೋಗಿತ್ತು. ಬಚ್ಚಲುಮನೆಗಳಿಗೆ ಒಂದು ಸಾಲು. ಗೋಡೆಗೆ ಹಿಡಿಕೆ ಕಂಬಿ ಎಂಬ ಮಾತೇ ಇರಲಿಲ್ಲ. ಮಣ್ಣು ಪರೀಕ್ಷೆಯ ವರದಿ ಎಲ್ಲಿ ಎಂದು ಕೇಳಿದೆ. "ನಮ್ ಕಡೆ ಎಲ್ಲಾ ಬಂಡೆ ಅಲ್ವಾ ಸಾರ್, ಪರೀಕ್ಷೆ ಯಾಕೆ?" ಎಂದರು ಸಮಿತಿಯವರೊಬ್ಬರು. ಬಂಡೆಯೇ ಆಗಿದ್ದರೆ ಆರಡಿ ಚೌಕದ ಪಾದ ಯಾಕೆ ಎಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ.

ಆಗ ನನಗೆ ನೆನಪಾದದ್ದು ಆಯ್ದಕ್ಕಿ ಲಕ್ಕಮ್ಮ. ಮಾರಯ್ಯ ಶರಣರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವರು. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಲಕ್ಕಮ್ಮ ತಾಯಿ ಅದನ್ನು ಒಳಗೆ ಸೇರಿಸಲಿಲ್ಲ, ಇಂದಿನ ದಾಸೋಹಕ್ಕೆ ಎಷ್ಟು ಬೇಕೋ ಅಷ್ಟು ಸಾಕೆಂದು ಹೆಚ್ಚಿನದನ್ನು ಅಲ್ಲೇ ಹಾಕಿ ಬರಲು ಕಳಿಸಿದರು. ಈ ಪ್ರಸಂಗವನ್ನು ನಾವು ಪ್ರತಿ ಬಸವ ಜಯಂತಿಯಲ್ಲೂ ಹೇಳುತ್ತೇವೆ. ಆದರೆ ಭಕ್ತರು ಕಷ್ಟಪಟ್ಟು ಕೊಟ್ಟ ಕಾಣಿಕೆ ಕಬ್ಬಿಣವಾಗಿ, ಸಿಮೆಂಟಾಗಿ ನೆಲದಡಿಗೆ ಇಳಿಯುವಾಗ, ಇದು ಇಂದಿನ ಅಗತ್ಯವೋ ಹೆಚ್ಚಿನ ಅಕ್ಕಿಯೋ ಎಂದು ಯಾರೂ ಕೇಳುವುದಿಲ್ಲ. ಅಕ್ಕಿಯಾದರೆ ಕಣ್ಣಿಗೆ ಕಾಣುತ್ತದೆ. ಪಾಯವನ್ನು ಮಣ್ಣು ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ, ಲೆಕ್ಕಪತ್ರ ನೋಡುವವರಿಗೂ ಕಾಣುವುದಿಲ್ಲ.

ನಮ್ಮ ವೃತ್ತಿಯಲ್ಲಿ ಇದಕ್ಕೊಂದು ಹೆಸರಿದೆ, ವ್ಯಾಲ್ಯೂ ಎಂಜಿನಿಯರಿಂಗ್. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಖರೀದಿ ವಿಭಾಗದಲ್ಲಿದ್ದ ಲಾರೆನ್ಸ್ ಮೈಲ್ಸ್ ಎಂಬ ಎಂಜಿನಿಯರ್ 1947ರಲ್ಲಿ ಅದಕ್ಕೊಂದು ಕ್ರಮ ಕಟ್ಟಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಮಾನು ಸಿಗದೆ ಬದಲಿ ಹುಡುಕುವಾಗ, ಬದಲಿ ವಸ್ತು ಎಷ್ಟೋ ಸಲ ಅಗ್ಗವೂ ಹೌದು, ಮೇಲೂ ಹೌದು ಎಂಬುದು ಅವರಿಗೆ ಕಂಡಿತ್ತು. ಅವರು ಕೇಳುತ್ತಿದ್ದ ಪ್ರಶ್ನೆಗಳು ಬಹಳ ಸರಳ. ಈ ವಸ್ತು ಯಾವ ಕೆಲಸ ಮಾಡುತ್ತದೆ? ಆ ಕೆಲಸ ಬೇಕೇ? ಬೇಕಾದರೆ ಅದನ್ನು ಬೇರೆ ಯಾವುದು, ಎಷ್ಟಕ್ಕೆ ಮಾಡಬಲ್ಲದು? ನಮ್ಮಲ್ಲಿ ಈ ಮಾತನ್ನು ಗುತ್ತಿಗೆದಾರರು ಕಬ್ಬಿಣ ಕದಿಯುವುದಕ್ಕೆ, ಸಿಮೆಂಟು ಕಡಿಮೆ ಮಾಡುವುದಕ್ಕೆ ಬಳಸಿ ಹಾಳು ಮಾಡಿದ್ದಾರೆ. ನಾನು ಹೇಳುತ್ತಿರುವುದು ಅದಲ್ಲ. ಕೆಲಸಕ್ಕೆ ಬಾರದ್ದನ್ನು ತೆಗೆದು, ಕೆಲಸಕ್ಕೆ ಬರುವಲ್ಲಿ ಕೈ ಬಿಚ್ಚಿ ಖರ್ಚು ಮಾಡುವುದು.

ಹಾಗಾದರೆ ಮೊದಲ ಪ್ರಶ್ನೆ ಪಿಲ್ಲರಿನದಲ್ಲ, ಒಳಗೆ ಬದುಕುವವರದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಈಗ ಉಳಿದವರು ಯಾರು? ಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸಿಗೆ, ಪೀಣ್ಯದ ಕಾರ್ಖಾನೆಗೆ ಹೋದ ಮನೆಗಳಲ್ಲಿ ಕಾವಲು ಉಳಿದ ಮುದುಕ ಮುದುಕಿಯರು. ಪಾವಗಡದ ತಿರುಮಣಿ ಭಾಗದಲ್ಲಿ 13,000 ಎಕರೆ ಸೋಲಾರ್ ಪಾರ್ಕಿಗೆ ಹೋಯಿತು. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಅದೇ ಜಮೀನಿನಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವರಿಗೆ ಆ ಹಣವಿಲ್ಲ. ಇದರ ಜೊತೆಗೆ ನೀರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ ಒಂದೂವರೆ. ಪಾವಗಡದ ಕೊಳವೆಬಾವಿಗಳಲ್ಲಿ ಅದನ್ನು ಮೀರಿದ ನೀರನ್ನು ಒಂದು ತಲೆಮಾರೇ ಕುಡಿದಿದೆ. ಹಲ್ಲು ಹಳದಿಯಾಗುವುದು ಮೊದಲು ಕಾಣುವ ಗುರುತು, ಮೂಳೆಗೆ ಇಳಿದ ಮೇಲೆ ಬೆನ್ನು ಬಾಗುತ್ತದೆ, ಮಂಡಿ ಮಡಚುವುದಿಲ್ಲ, ಕುಕ್ಕರಗಾಲಲ್ಲಿ ಕೂರಲಾಗುವುದಿಲ್ಲ. ಇಂಥವರನ್ನು ಮೂರನೇ ಅಂತಸ್ತಿಗೆ ಏರಿಸುವ ನಕ್ಷೆ ಅದು.

ಅದೇ ಮಠದ ಪಡಸಾಲೆಯಲ್ಲಿ ದಿನಾ ಪ್ರಸಾದಕ್ಕೆ ಬರುವ ಒಬ್ಬ ಅಜ್ಜಿಯನ್ನು ಕೇಳಿದೆ. "ಮ್ಯಾಲ್ಕಡೆ ರೂಮ್ ಕೊಟ್ರೆ ಹತ್ತಕ್ಕೆ ನನ್ ಕೈಲಾಯ್ತದಾ ಮಗಾ? ಒಂದ್ಕಿತ ಹತ್ತುದ್ರೆ ಇಳ್ಯಾದು ನಾಕ್ ಜನುದ್ ಮ್ಯಾಲೇ" ಎಂದರು. ಸಮಿತಿಯವರೆಲ್ಲ ನಕ್ಕರು, ಆಮೇಲೆ ಸುಮ್ಮನಾದರು. ಲಿಫ್ಟ್ ಹಾಕಿಸುತ್ತೇವೆ ಎಂಬುದು ಉತ್ತರವಲ್ಲ. ನಮ್ಮ ತಾಲ್ಲೂಕುಗಳಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳುವವರಿಲ್ಲ, ಲಿಫ್ಟ್ ರಿಪೇರಿಯವರು ತುಮಕೂರಿನಿಂದ ಬರಬೇಕು.

ಮೇಲಿನ ಎರಡು ಅಂತಸ್ತನ್ನು ತೆಗೆದ ಕೂಡಲೇ ಪಾಯದ ಲೆಕ್ಕವೇ ಬದಲಾಗುತ್ತದೆ. ಸ್ವಲ್ಪ ಅಂಕಿ ಹೇಳುತ್ತೇನೆ, ಬೇಸರಿಸಬಾರದು. ಆ ನಕ್ಷೆಯಲ್ಲಿ ನಡುವಿನ ಒಂದು ಪಿಲ್ಲರ್ ಹೊರುವುದು ಸುಮಾರು 14 ಚದರ ಮೀಟರ್ ಜಾಗದ ಭಾರವನ್ನು. ಮೌಲ್ಡು, ನೆಲಹಾಸು, ಗೋಡೆ, ಮಂಚ, ಜನ ಎಲ್ಲ ಸೇರಿ ಚದರ ಮೀಟರಿಗೆ 1.2 ಟನ್ ಹಿಡಿದರೂ ಮೂರು ಅಂತಸ್ತಿಗೆ 50 ಟನ್ ಆಯಿತು. ಆರಡಿ ಚೌಕದ ಪಾದದ ಮೇಲೆ ಅದು ಚದರ ಮೀಟರಿಗೆ 15 ಟನ್. ಇದು ನಡುವಿನ ಪಿಲ್ಲರಿನ ಮಾತು. ಮೂಲೆಯ ಪಿಲ್ಲರಿಗೆ ಅದರ ಮೂರನೇ ಒಂದು ಪಾಲಿನಷ್ಟು ಭಾರ ಬರುತ್ತದೆ, ಆದರೂ ಅದಕ್ಕೂ ಆರಡಿ ಚೌಕವನ್ನೇ ಬರೆದಿದ್ದರು. ಒಂದು ಪಿಲ್ಲರಿನ ಲೆಕ್ಕ ಹಾಕಿ ಮೂವತ್ತಾರಕ್ಕೂ ನಕಲು ಮಾಡಿದ್ದು. ಎಂಜಿನಿಯರಿಗೆ ಎರಡು ಗಂಟೆಯ ಕೆಲಸ ಉಳಿಯಿತು, ಮಠಕ್ಕೆ ಲಾರಿಗಟ್ಟಲೆ ಜಲ್ಲಿ ಹೋಯಿತು.

ಒಂದೇ ಅಂತಸ್ತಾದರೆ ಪಿಲ್ಲರೇ ಬೇಡ. ಒಂಬತ್ತು ಇಂಚಿನ ಗೋಡೆಯೇ ಭಾರ ಹೊರುತ್ತದೆ, ನಮ್ಮ ಅಪ್ಪ ಅಜ್ಜಂದಿರ ಮನೆಗಳು ನಿಂತಿದ್ದು ಗೋಡೆಯ ಮೇಲೆಯೇ. ನಡುಗೋಡೆಯ ಒಂದು ಮೀಟರ್ ಉದ್ದವನ್ನು ತೆಗೆದುಕೊಳ್ಳಿ. ಗೋಡೆಯ ಭಾರ 1.4 ಟನ್, ಎರಡೂ ಬದಿಯ ಮೌಲ್ಡಿನಿಂದ 2.3 ಟನ್, ಸೈಜುಕಲ್ಲಿನ ಪಾಯದ ಸ್ವಂತ ಭಾರ 1.4 ಟನ್. ಒಟ್ಟು ಐದು ಟನ್ ಚಿಲ್ಲರೆ. ಎರಡಡಿ ಅಗಲದ ಪಾಯದ ಕೆಳಗೆ ಚದರ ಮೀಟರಿಗೆ ಎಂಟೂವರೆ ಟನ್ ಬರುತ್ತದೆ. ನಮ್ಮ ಕಡೆಯ ಗಟ್ಟಿ ಗರಸು ಮಣ್ಣು 20 ಟನ್ ಹೊರುವುದು ಅಪರೂಪವಲ್ಲ. ಅಂದರೆ ಸೈಜುಕಲ್ಲು ಕಟ್ಟಿ, ಅದರ ಮೇಲೆ ಸುತ್ತಲೂ ಒಂದು ಕಾಂಕ್ರೀಟ್ ಬೆಲ್ಟ್, ಲಿಂಟಲ್ ಮಟ್ಟದಲ್ಲಿ ಇನ್ನೊಂದು ಬೆಲ್ಟ್ ಕಟ್ಟಿದರೆ ಸಾಕು. ಕಬ್ಬಿಣ ಎಷ್ಟು ಉಳಿಯುತ್ತದೆ ಎಂಬುದನ್ನು ನಿಮ್ಮ ಎಂಜಿನಿಯರಿಂದಲೇ ಲೆಕ್ಕ ಹಾಕಿಸಿ ನೋಡಿ.

"ಮುಂದೆ ಮಹಡಿ ಏರಿಸೋದಿದ್ರೆ?" ಎಂಬ ಪ್ರಶ್ನೆ ಎಲ್ಲ ಸಮಿತಿಗಳಲ್ಲೂ ಬರುತ್ತದೆ. ನಮ್ಮ ಮಠಗಳ ಹಣ ಅತಿ ಹೆಚ್ಚು ಹೂತುಹೋಗಿರುವುದು ಈ "ಮುಂದೆ"ಯಲ್ಲಿ. ಮೌಲ್ಡಿನ ಮೇಲೆ ತುಕ್ಕು ಹಿಡಿದು ಆಕಾಶ ನೋಡುತ್ತಿರುವ ಪಿಲ್ಲರ್ ಕಂಬಿಗಳನ್ನು ಯಾವ ಊರಲ್ಲಿ ನೋಡಿಲ್ಲ ಹೇಳಿ? ವೃದ್ಧರ ಮನೆಗೆ ಮಹಡಿ ಬೇಡವೆಂದಮೇಲೆ, ಮುಂದೆ ಬೇಕಾದಾಗ ಪಕ್ಕಕ್ಕೆ ಇನ್ನೊಂದು ಸಾಲು ಕಟ್ಟಬಹುದು. ಪೇಟೆಯೊಳಗೆ ಮೂವತ್ತು ನಲವತ್ತು ಅಡಿ ನಿವೇಶನ ಮಾತ್ರ ಇದ್ದರೆ ಮಾತು ಬೇರೆ. ಅಲ್ಲಿ ಮೇಲೊಂದು ಅಂತಸ್ತನ್ನು ಸೇವಕರಿಗೆ, ಕಚೇರಿಗೆ ಇಟ್ಟುಕೊಳ್ಳಲಿ. ಹಳ್ಳಿಯ ಅಂಚಿನಲ್ಲಿ ಎಕರೆಗಟ್ಟಲೆ ದಾನ ಬಂದ ಜಮೀನಿದ್ದಾಗ ಮೇಲಕ್ಕೆ ಹೋಗುವ ಹಟ ನನಗೆ ಅರ್ಥವಾಗುವುದಿಲ್ಲ.

ಪ್ಲಿಂತಿನ ಮಾತು ಇನ್ನೂ ಸಣ್ಣದು, ಆದರೆ ಅದರಲ್ಲೇ ಎಲ್ಲ ಇದೆ. ಗಾಲಿಕುರ್ಚಿಗೆ ರ‍್ಯಾಂಪ್ ಮಾಡುವಾಗ ಒಂದಡಿ ಏರಲು ಹನ್ನೆರಡು ಅಡಿ ಓಟ ಬೇಕು. ಒಂದೂವರೆ ಅಡಿ ಪ್ಲಿಂತಿಗೆ ಹದಿನೆಂಟು ಅಡಿ ಸಾಕು. ಕಟ್ಟಡ ಎದ್ದು ಕಾಣಲೆಂದು ನಾಲ್ಕಡಿ ಮಾಡಿದರೆ ನಲವತ್ತೆಂಟು ಅಡಿ ರ‍್ಯಾಂಪು, ನಡುವೆ ನಿಲ್ಲಲು ತಾಣ, ಒಳಗೆ ತುಂಬಿಸಲು ನೂರಾರು ಟ್ರ್ಯಾಕ್ಟರ್ ಮಣ್ಣು. ಆ ಮಣ್ಣನ್ನು ಸರಿಯಾಗಿ ದಮ್ಮಸ್ಸು ಮಾಡದಿದ್ದರೆ ಎರಡು ಮಳೆಗಾಲ ಕಳೆಯುವುದರೊಳಗೆ ಟೈಲ್ಸ್ ಕುಸಿದು, ಎಡವಿ ಬಿದ್ದ ಅಜ್ಜಿಯ ಸೊಂಟ ಮುರಿಯುತ್ತದೆ. ಎತ್ತರ ಕಾಣುವುದು ದಾರಿಯಲ್ಲಿ ಹೋಗುವವರಿಗೆ, ಹತ್ತಬೇಕಾದವರು ಒಳಗಿನವರು.

ಇಷ್ಟೆಲ್ಲ ಹೇಳಿದ್ದು ಮಣ್ಣು ಗೊತ್ತಿದ್ದರೆ ಮಾತ್ರ. ನಮ್ಮ ನಾಲ್ಕು ತಾಲ್ಲೂಕುಗಳ ನೆಲ ಒಂದೇ ತರಹ ಇಲ್ಲ. ರಾಮನಗರದಿಂದ ಮಾಗಡಿ, ತುಮಕೂರು ದಾಟಿ ಮಧುಗಿರಿ, ಪಾವಗಡದ ಕಡೆಗೆ ಹೋಗುವ ಗ್ರಾನೈಟ್ ಪಟ್ಟಿಯೊಂದಿದೆ, ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಿನಿಂದ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮಧುಗಿರಿಯ ಏಕಶಿಲೆ ಬೆಟ್ಟ ನೋಡಿದವರು ಸುತ್ತಲೂ ನೆಲದಡಿ ಅದೇ ಬಂಡೆ ಚಪ್ಪಟೆಯಾಗಿ ಹಾಸಿದೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ಒಂದು ಕಡೆ ಎರಡಡಿಗೆ ಬಂಡೆ ಸಿಕ್ಕರೆ ಇಪ್ಪತ್ತಡಿ ಆಚೆ ಎಂಟಡಿ ಮಣ್ಣು. ಕೆಲವು ಸಲ ಬಂಡೆ ಎಂದು ತಿಳಿದದ್ದು ಮಣ್ಣಿನಲ್ಲಿ ತೇಲುತ್ತಿರುವ ಬರೀ ಗುಂಡು. ಕೊರಟಗೆರೆಯಲ್ಲಿ ಜಯಮಂಗಲಿ, ಸುವರ್ಣಮುಖಿ ದಂಡೆಯ ತೋಟಗಳ ಬದಿ ಮರಳು ಬೆರೆತ ಸಡಿಲ ಮಣ್ಣು. ಶಿರಾ ಕಡೆ ಕೆಂಪು ಗರಸು ಚೆನ್ನಾಗಿದೆ, ಆದರೆ ದಾನವಾಗಿ ಬರುವ ಜಮೀನು ಎಷ್ಟೋ ಸಲ ಕೆರೆಯ ಹಿಂದಿನ ತಗ್ಗು, ಅಲ್ಲಿ ಒದ್ದೆಯಾದರೆ ಉಬ್ಬಿ ಒಣಗಿದರೆ ಬಿರಿಯುವ ಕಪ್ಪು ಮಣ್ಣು. ಕೆರೆ ಬತ್ತಿದ ವರ್ಷ ಎಲ್ಲ ಸರಿ ಕಾಣುತ್ತದೆ. 2022ರ ಮಳೆಗಾಲದಲ್ಲಿ ಬಹಳ ವರ್ಷ ಒಣಗಿದ್ದ ಕೆರೆಗಳೂ ಕೋಡಿ ಬಿದ್ದುದನ್ನು ನೋಡಿದ್ದೇವೆ. ಅಂಥ ಕಪ್ಪು ನೆಲದಲ್ಲಿ ಉಳಿತಾಯದ ಮಾತು ಬೇಡ. ಮಣ್ಣು ತೆಗೆದು ಗರಸು ತುಂಬಿಸಿ ದಮ್ಮಸ್ಸು ಮಾಡಬೇಕು, ಇಲ್ಲವೇ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲಿ ರೂಢಿಗೆ ತಂದ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಪೈಲ್ ಇಳಿಸಬೇಕು. ಅದಕ್ಕಿಂತ ಮೇಲು, ದಾನಿಗಳಿಗೆ ಕೈಮುಗಿದು ಬೇರೆ ಜಾಗ ಕೇಳುವುದು.

ಈ ವಿಷಯದಲ್ಲಿ ನಾನು ಬುದ್ಧಿ ಕಲಿತದ್ದು ಪುಸ್ತಕದಿಂದಲ್ಲ, ನನ್ನ ತಪ್ಪಿನಿಂದ. ಬಹಳ ಹಿಂದೆ ಒಂದು ವಿದ್ಯಾರ್ಥಿ ನಿಲಯಕ್ಕೆ ಪಾಯ ತೆಗೆಸುವಾಗ ಒಂದು ತುದಿಯಲ್ಲಿ ಬಂಡೆ ಸಿಕ್ಕಿತು. ಬಂಡೆಯಲ್ಲವೇ ಎಂದು ಖುಷಿಯಾಗಿ, ಇನ್ನೊಂದು ತುದಿಯಲ್ಲಿ ಗುಂಡಿ ತೆಗೆಸಿ ನೋಡದೆ ಪಾಯದ ಆಳವನ್ನು ಕಡಿಮೆ ಮಾಡಿದೆ. ಖರ್ಚು ಉಳಿಸಿದ ಎಂಜಿನಿಯರೆಂದು ಶಾಲು ಹೊದಿಸಿದರು. ಎರಡನೇ ಮಳೆಗಾಲಕ್ಕೆ ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಬಂತು. ಬಂಡೆಯ ಮೇಲಿನ ಅರ್ಧ ಕದಲಲಿಲ್ಲ, ಮಣ್ಣಿನ ಮೇಲಿನ ಅರ್ಧ ಇಳಿಯಿತು. ಕಟ್ಟಡವನ್ನು ಅಲ್ಲೇ ಎರಡು ಭಾಗ ಮಾಡಿ ನಡುವೆ ಸಂದು ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆ ಶಾಲು ಇನ್ನೂ ಬೀರುವಿನಲ್ಲಿದೆ.

ಆದ್ದರಿಂದ ಉಳಿತಾಯ ಶುರುವಾಗುವುದೇ ಒಂದು ಖರ್ಚಿನಿಂದ. ಕಟ್ಟಡದ ನಾಲ್ಕು ಮೂಲೆ ಮತ್ತು ನಡುವೆ, ಆಳೆತ್ತರದ ಐದು ಗುಂಡಿ. ಹಾರೆ, ಪಿಕಾಸಿ ಹಿಡಿದ ನಾಲ್ಕು ಆಳುಗಳಿಗೆ ಎರಡು ಮೂರು ದಿನದ ಕೂಲಿ. ಸುತ್ತಮುತ್ತ ಬಾವಿ ತೋಡಿದವರನ್ನೂ ಕೇಳಿ, ಅವರಿಗೆ ಗೊತ್ತಿರುವಷ್ಟು ನೆಲ ನಮಗೆ ಗೊತ್ತಿಲ್ಲ. ಆಮೇಲೆ ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸಿ. ತುಮಕೂರು ದೂರವಿಲ್ಲ, ಸಿದ್ಧಗಂಗಾ ಮಠದವರೇ 1963ರಲ್ಲಿ ತಾಂತ್ರಿಕ ಕಾಲೇಜು ಕಟ್ಟಿದ್ದಾರೆ. ನಮ್ಮ ಪರಂಪರೆಯೇ ಎಂಜಿನಿಯರುಗಳನ್ನು ಓದಿಸಿ ಕಳಿಸಿರುವಾಗ ಮಠದ ಕಟ್ಟಡವನ್ನು ಮೇಸ್ತ್ರಿಯ ಊಹೆಗೆ ಬಿಡುವುದು ಸರಿಯೇ?

ಇನ್ನೊಂದು ಮಾತು ಹೇಳದೆ ಇರಲಾರೆ. ಆ ನಿವೇಶನದ ಈಶಾನ್ಯ ಮೂಲೆಯಲ್ಲಿ ನೆಲಕ್ಕಿಂತ ಮೂರಡಿ ಎದ್ದ ಒಂದು ಬಂಡೆ ಇದೆ. ವಾಸ್ತು ನೋಡಿದವರು ಈಶಾನ್ಯದಲ್ಲಿ ಭಾರ ಇರಕೂಡದು, ಒಡೆಸಿ ಎಂದಿದ್ದರಂತೆ. ಸಿಡಿಸಲು ಪರವಾನಗಿ, ಕೊರೆಯುವ ಯಂತ್ರ, ಸಾಗಣೆ ಎಂದು ಅಂದಾಜು ಪಟ್ಟಿಯಲ್ಲಿ ಒಂದು ಪುಟವೇ ಇತ್ತು. ಅದೇ ವಾಸ್ತುವಿನ ಪ್ರಕಾರ ಬಚ್ಚಲುಗಳನ್ನು ಕೋಣೆಗಳಿಂದ ದೂರ ಒಂದೇ ಮೂಲೆಗೆ ತಳ್ಳಿದ್ದರು. ರಾತ್ರಿ ನಾಲ್ಕು ಸಲ ಏಳುವ ವೃದ್ಧರು ಎಲ್ಲಿಗೆ ನಡೆಯಬೇಕು? ದಿಕ್ಕು ಮುಹೂರ್ತಗಳ ಭಯವನ್ನು ಶರಣರು ಹನ್ನೆರಡನೇ ಶತಮಾನದಲ್ಲೇ ಬಿಡಿಸಿದ್ದರು. ನಾವು ಅವರ ಹೆಸರಿನ ಕಟ್ಟಡಕ್ಕೇ ಅದನ್ನು ಮರಳಿ ತಂದಿದ್ದೇವೆ, ಅದೂ ಭಕ್ತರ ಕಾಣಿಕೆಯಿಂದ. ಕಟ್ಟಡವನ್ನು ಹದಿನೈದು ಅಡಿ ಈಚೆಗೆ ಸರಿಸಿದರೆ ಬಂಡೆ ಸಂಜೆ ಕೂರುವ ಜಗಲಿಯಾಗುತ್ತದೆ ಎಂದೆ.

ಸಾಮಗ್ರಿಯ ವಿಷಯದಲ್ಲೂ ನಮ್ಮ ಜಿಲ್ಲೆಯಲ್ಲೇ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ಅಸ್ತ್ರ ಕೇಂದ್ರದ ಹಳ್ಳಿ ಪ್ರಯೋಗ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿತ್ತು. ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಬಳಕೆಗೆ ತಂದರು. ನಮ್ಮ ಕೆಂಪು ಮಣ್ಣಿಗೆ ಅದು ಒಗ್ಗುತ್ತದೆ. ಕೇರಳದಲ್ಲಿ ಲಾರಿ ಬೇಕರ್ ಅವರು ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುತ್ತಿದ್ದ ಗೋಡೆಗೆ ಕಾಲುಭಾಗದಷ್ಟು ಇಟ್ಟಿಗೆ ಕಡಿಮೆ, ಸೆಕೆಯೂ ಕಡಿಮೆ. ಮೌಲ್ಡಿನ ಕೆಳಭಾಗದಲ್ಲಿ ಕಾಂಕ್ರೀಟಿನ ಬದಲು ಹಳೆಯ ಮಂಗಳೂರು ಹೆಂಚು ಇಟ್ಟು ಹಾಕುವ ಅವರ ಪದ್ಧತಿಯೂ ಒಳ್ಳೆಯದು. ಆದರೆ ಇದಕ್ಕೆಲ್ಲ ಮುಂದೆ ನಿಂತು ನೋಡುವವರು ಬೇಕು. ಕಲಿತ ಮೇಸ್ತ್ರಿ ಸಿಗದಿದ್ದರೆ ಮಾಮೂಲಿ ಇಟ್ಟಿಗೆ, ಮಾಮೂಲಿ ಮೌಲ್ಡೇ ಕ್ಷೇಮ. ಹೊಸದನ್ನು ವೃದ್ಧರ ತಲೆಯ ಮೇಲೆ ಪ್ರಯೋಗ ಮಾಡಬಾರದು. ಹಳೆಯ ಕಲ್ಲುಚಪ್ಪಡಿಯ ಸೂರನ್ನು ಕೆಲವರು ಹೇಳುತ್ತಾರೆ, ಸಂದುಗಳು ಸೋರುತ್ತವೆ, ಬೇಸಿಗೆಯಲ್ಲಿ ಬಾಣಲೆಯಂತೆ ಕಾಯುತ್ತದೆ. ಚಪ್ಪಡಿ ಜಗಲಿಗೆ, ಅಂಗಳಕ್ಕೆ ಇರಲಿ.

ಮುಟ್ಟಬಾರದ ಖರ್ಚುಗಳೂ ಇವೆ. ಸಿಮೆಂಟಿನ ಪ್ರಮಾಣ, ಬೆಲ್ಟಿನ ಕಂಬಿ, ಕಂಬಿಗೆ ತುಕ್ಕು ಹಿಡಿಯದಂತೆ ಬಿಡುವ ಕಾಂಕ್ರೀಟಿನ ಹೊದಿಕೆ, ಮೌಲ್ಡಿಗೆ ನೀರು ಸೋರದ ಲೇಪ, ಬಚ್ಚಲಿನ ಕೆಳಗಿನ ಜಾರು. ಎಲ್ಲಕ್ಕಿಂತ ಹೆಚ್ಚಾಗಿ ಕ್ಯೂರಿಂಗ್. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಪಾವಗಡದಂಥ ಕಡೆ ನೀರು ಹಾಕುವುದನ್ನು ಮೂರನೇ ದಿನಕ್ಕೇ ನಿಲ್ಲಿಸುತ್ತಾರೆ. ಕನಿಷ್ಠ ಏಳು ದಿನ, ಬಿಸಿಲಿದ್ದರೆ ಇನ್ನೂ ಹೆಚ್ಚು ಬೇಕು. ಒದ್ದೆ ಗೋಣಿಚೀಲ ಹೊದಿಸಿದರೆ ನೀರೂ ಕಡಿಮೆ ಸಾಕು.

ಉಳಿದ ಹಣ ಎಲ್ಲಿಗೆ ಹೋಗಬೇಕೆಂದು ನಾನು ಬರೆದುಕೊಟ್ಟೆ. ಪ್ರತಿ ಕೋಣೆಗೂ ಅಂಟಿದ ಬಚ್ಚಲು, ಜಾರದ ನೆಲ, ಕೂರುವ ಕಮೋಡು, ಕೈಗೆ ಸಿಗುವ ಕಂಬಿ. ಗಾಲಿಕುರ್ಚಿ ನುಗ್ಗುವ ಮೂರಡಿ ಬಾಗಿಲು. ಸೂರಿಗೆ ಬಿಳಿ ಬಣ್ಣ, ಅಗಲವಾದ ಪಡಸಾಲೆ. ಮಳೆನೀರಿನ ತೊಟ್ಟಿ, ಏಕೆಂದರೆ ಮಳೆನೀರಿನಲ್ಲಿ ಫ್ಲೋರೈಡ್ ತೊಂದರೆಯಿಲ್ಲ. ಮತ್ತು ಇದು ಮುಖ್ಯ, ರಾತ್ರಿ ಇರುವ ಇಬ್ಬರು ಸೇವಕರಿಗೆ ಮೂರು ವರ್ಷದ ಸಂಬಳದ ಠೇವಣಿ. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಸಂಬಳಕ್ಕೆ ಸಿಗುವುದಿಲ್ಲ. ಪಾಯದಲ್ಲಿ ಉಳಿಸಿದ್ದನ್ನು ಅಲ್ಲಿಗೆ ಕೊಂಡೊಯ್ಯದಿದ್ದರೆ ಈ ಲೆಕ್ಕವೆಲ್ಲ ಬರೀ ಜಿಪುಣತನ.

ಇಷ್ಟು ಸಣ್ಣದಾಗಿ ಕಟ್ಟಿದರೆ ಮಠದ ಘನತೆ ಏನಾದೀತು ಎಂದರು ಹಿರಿಯರೊಬ್ಬರು. ಸಿದ್ಧಗಂಗೆಯ ಹೆಸರು ನಾಡಿಗೆ ಗೊತ್ತಾದದ್ದು ಹತ್ತು ಸಾವಿರ ಮಕ್ಕಳ ಅನ್ನ, ಅಕ್ಷರದಿಂದ. ಲಿಂಗೈಕ್ಯ ಶಿವಕುಮಾರ ಸ್ವಾಮಿಗಳ 111 ವರ್ಷಗಳ ಬದುಕನ್ನು ಯಾರೂ ಕಟ್ಟಡದ ಎತ್ತರದಿಂದ ಅಳೆಯಲಿಲ್ಲ. ಇನ್ನು ದೊಡ್ಡದಾಗಿ ಕಟ್ಟುವ ಹೊಣೆ ಸರ್ಕಾರದ್ದೂ ಹೌದು. 2007ರ ಹಿರಿಯ ನಾಗರಿಕರ ಪಾಲನೆಯ ಕಾಯ್ದೆ ಜಿಲ್ಲೆಗೊಂದಾದರೂ, ಕನಿಷ್ಠ 150 ಮಂದಿಯ ವೃದ್ಧಾಶ್ರಮವನ್ನು ಹೇಳುತ್ತದೆ. ಆದರೆ ಆಂಧ್ರದ ನೆಲ ಸುತ್ತುವರಿದ ಪಾವಗಡದ ಅಜ್ಜಿ ನೂರು ಕಿಲೋಮೀಟರ್ ದೂರದ ತುಮಕೂರಿಗೆ ಹೋಗಿ ಗುರುತಿಲ್ಲದವರ ನಡುವೆ ಕೊನೆಯುಸಿರು ಎಳೆಯಲು ಒಪ್ಪುವುದಿಲ್ಲ. ತಾಲ್ಲೂಕಿಗೊಂದು, ಹೋಬಳಿಗೊಂದು, ಇಪ್ಪತ್ತು ಕೋಣೆಗಳ ಸಣ್ಣ ಮನೆ ಮಠಗಳಿಂದ ಮಾತ್ರ ಸಾಧ್ಯ. ಮೂರು ಅಂತಸ್ತಿನ ಒಂದು ಕಟ್ಟಡದ ದುಡ್ಡಿನಲ್ಲಿ ಅಂಥವು ಎಷ್ಟು ಆಗಬಹುದೆಂದು ಸಮಿತಿಗಳು ಕೂತು ಲೆಕ್ಕ ಹಾಕಲಿ. ಒಳಗೆ ಸೇರಿಸಿಕೊಳ್ಳುವಾಗ ಕುಲ ಕೇಳಬಾರದೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ನನ್ನ ಪಟ್ಟಿಯನ್ನು ಪೂಜ್ಯರು ಎರಡು ಸಲ ಓದಿಸಿಕೊಂಡರು. ಮಹಾದ್ವಾರದ ವಿಷಯ ಇನ್ನೂ ತೀರ್ಮಾನವಾಗಿಲ್ಲ, ಅದರ ದಾನಿಗಳು ಮುನಿಸಿಕೊಂಡಿದ್ದಾರೆ. ಮಹಡಿಯ ವಿಷಯದಲ್ಲಿ ಸಮಿತಿ ಎರಡು ಭಾಗವಾಗಿದೆ. ಆದರೆ ಗುದ್ದಲಿ ಪೂಜೆಯನ್ನು ಮುಂದಕ್ಕೆ ಹಾಕಿ, ಮೊದಲು ಗುಂಡಿ ತೆಗೆಸಲು ಎಲ್ಲರೂ ಒಪ್ಪಿದರು. ಮೂರು ಗುಂಡಿಗಳಲ್ಲಿ ನಾಲ್ಕಡಿಯೊಳಗೆ ಗಟ್ಟಿ ಗರಸು ಸಿಕ್ಕಿದೆ. ನಾಲ್ಕನೆಯದರಲ್ಲಿ, ಎಲ್ಲರೂ ಬಂಡೆ ಎಂದು ಹೇಳಿದ್ದ ಕಡೆ, ಆಳೆತ್ತರ ಇಳಿದರೂ ಹಳೆಯ ಗೊಬ್ಬರದ ತಿಪ್ಪೆಯ ಸಡಿಲ ಮಣ್ಣೇ ಬರುತ್ತಿದೆ. ಐದನೆಯದನ್ನು ಬರುವ ವಾರ ತೆಗೆಸುತ್ತಾರೆ.